ಓದುಗರ ಪ್ರಶ್ನೆ, ನಮ್ಮ ಉತ್ತರ: ಮೊದಲನೆಯವರು ಬಂದರು, ಎರಡನೆಯವರು ಯಾವಾಗ?

ಅಮೆರಿಕದ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ 2025ರ ಜನವರಿಯಿಂದ ಇಬ್ಬರು ಕಪ್ಪು ಮಹಿಳೆಯರು ಒಟ್ಟಿಗೆ ಸದಸ್ಯರಾಗಿದ್ದಾರೆ, ಆ ಸದನದ ಇನ್ನೂರು ವರ್ಷ ಮೀರಿದ ಚರಿತ್ರೆಯಲ್ಲಿ ಹೀಗಾಗಿರುವುದು ಇದೇ ಮೊದಲು ಎಂದು ಹಿಂದಿನ ಸಂಚಿಕೆಯ ಈ ಅಂಕಣದಲ್ಲಿ ನಾಲ್ಕು ಸಾಲು ಬರೆದಿದ್ದೆ. ಅದನ್ನೋದಿ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಓದುಗರು ಬರೆದ ಪತ್ರಗಳಲ್ಲಿ ಗಂಭೀರವಾದ ಪ್ರಶ್ನೆಗಳಿವೆ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವಕ್ಕೇ ಮೀಸಲಿಟ್ಟಿದ್ದೇನೆ. ಎಂದಿನಂತೆ ಪತ್ರ ಬರೆದವರ ಹೆಸರು ಬಿಟ್ಟು ಊರನ್ನಷ್ಟೇ ಕೊಡಲಾಗಿದೆ.

ಪ್ರಶ್ನೆ: ನಮ್ಮ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಎದುರು ತಂಡದವರು, "ಅಮೆರಿಕದಲ್ಲಿ ಕಪ್ಪು ಮಹಿಳೆ ವಿದೇಶಾಂಗ ಕಾರ್ಯದರ್ಶಿಯಾಗಿದ್ದಾಯಿತು, ಉಪಾಧ್ಯಕ್ಷೆಯಾಗಿದ್ದಾಯಿತು, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯೂ ಆಗಿದ್ದಾಯಿತು. ಇನ್ನು ಪ್ರಾತಿನಿಧ್ಯದ ಮಾತೇಕೆ?" ಎಂದು ಕೇಳಿದರು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಏನು ಹೇಳಬಹುದಿತ್ತು?
- ಪದವಿ ವಿದ್ಯಾರ್ಥಿನಿ, ವಿದ್ಯಾನಗರ, ದಾವಣಗೆರೆ

ಉತ್ತರ: ಅವರು ಹೇಳಿದ ಮೂರೂ ಸಂಗತಿಗಳು ನಿಜ. ಕಾಂಡೊಲೀಜಾ ರೈಸ್ 2005ರಲ್ಲಿ ವಿದೇಶಾಂಗ ಕಾರ್ಯದರ್ಶಿಯಾದರು, ಕಮಲಾ ಹ್ಯಾರಿಸ್ 2021ರಲ್ಲಿ ಉಪಾಧ್ಯಕ್ಷೆಯಾದರು, ಕೆಟಾಂಜಿ ಬ್ರೌನ್ ಜಾಕ್ಸನ್ 2022ರಲ್ಲಿ ಸುಪ್ರೀಂ ಕೋರ್ಟಿಗೆ ಬಂದರು. ಇದನ್ನೆಲ್ಲ ಒಪ್ಪಿಕೊಂಡೇ ನೀವು ಒಂದು ಮರುಪ್ರಶ್ನೆ ಹಾಕಬಹುದಿತ್ತು: ಮೊದಲನೆಯವರು ಬಂದ ಮೇಲೆ ಎರಡನೆಯವರು ಬರಲು ಎಷ್ಟು ವರ್ಷ ಹಿಡಿಯಿತು? ಸೆನೆಟ್‌ಗೆ ಮೊದಲ ಕಪ್ಪು ಮಹಿಳೆಯಾಗಿ ಇಲಿನಾಯ್ ರಾಜ್ಯದಿಂದ ಕ್ಯಾರಲ್ ಮೋಸ್ಲಿ ಬ್ರಾನ್ ಆಯ್ಕೆಯಾದುದು 1992ರಲ್ಲಿ. ಅವರ ಅವಧಿ 1999ರ ಆರಂಭದಲ್ಲಿ ಮುಗಿಯಿತು. ಅಲ್ಲಿಂದ 2017ರಲ್ಲಿ ಕಮಲಾ ಹ್ಯಾರಿಸ್ ಬರುವವರೆಗೆ, ಅಂದರೆ 18 ವರ್ಷ, ನೂರು ಸದಸ್ಯರ ಆ ಸದನದಲ್ಲಿ ಒಬ್ಬ ಕಪ್ಪು ಮಹಿಳೆಯೂ ಇರಲಿಲ್ಲ. ಇಂದಿನವರೆಗೆ ಅಲ್ಲಿ ಕುಳಿತವರು ಒಟ್ಟು ಐವರು. ಅವರಲ್ಲಿ ಒಬ್ಬರು ತೆರವಾದ ಸ್ಥಾನಕ್ಕೆ ನೇಮಕಗೊಂಡು ಬಂದವರು. ಇನ್ನು ಐವತ್ತು ರಾಜ್ಯಗಳ ಗವರ್ನರ್ ಹುದ್ದೆಗೆ ಈವರೆಗೆ ಒಬ್ಬ ಕಪ್ಪು ಮಹಿಳೆಯೂ ಚುನಾಯಿತರಾಗಿಲ್ಲ. 2018ರಲ್ಲಿ ಜಾರ್ಜಿಯಾದಲ್ಲಿ ಸ್ಟೇಸಿ ಏಬ್ರಮ್ಸ್ ಸುಮಾರು 55,000 ಮತಗಳಿಂದ ಸೋತರು. ಉನ್ನತ ಹುದ್ದೆಯೊಂದಕ್ಕೆ ಒಬ್ಬರು ಏರಿದರೆ ಅದು ಆ ವ್ಯಕ್ತಿಯ ಸಾಧನೆ. ಅದನ್ನು ಮನಸಾರೆ ಕೊಂಡಾಡಬೇಕು. ಆದರೆ ಒಂದು ಸಮುದಾಯಕ್ಕೆ ಪ್ರಾತಿನಿಧ್ಯ ಸಿಕ್ಕಿದೆಯೇ ಎಂಬುದಕ್ಕೆ ಆ ಒಬ್ಬರೇ ಪುರಾವೆಯಾಗಲಾರರು.

ಮೋಸ್ಲಿ ಬ್ರಾನ್ ಅವರ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ಸದನದಲ್ಲಿ ಒಬ್ಬರು ಇರುವುದಕ್ಕೂ ಇಲ್ಲದಿರುವುದಕ್ಕೂ ಏನು ವ್ಯತ್ಯಾಸ ಎಂಬುದು ಅವರ ಬದುಕಿನಲ್ಲಿ ಎದ್ದು ಕಾಣುತ್ತದೆ. 1991ರಲ್ಲಿ ಕ್ಲಾರೆನ್ಸ್ ಥಾಮಸ್ ಅವರನ್ನು ಸುಪ್ರೀಂ ಕೋರ್ಟಿಗೆ ನೇಮಿಸುವ ಪ್ರಸ್ತಾವ ಬಂದಾಗ, ಅವರ ಕೈಕೆಳಗೆ ಹಿಂದೆ ಕೆಲಸ ಮಾಡಿದ್ದ ಕಾನೂನು ಪ್ರಾಧ್ಯಾಪಕಿ ಅನಿತಾ ಹಿಲ್ ಅವರು ಲೈಂಗಿಕ ಕಿರುಕುಳದ ಆರೋಪವನ್ನು ಸೆನೆಟ್ ಸಮಿತಿಯ ಮುಂದೆ ಪ್ರಮಾಣಮಾಡಿ ಹೇಳಿದರು. ಥಾಮಸ್ ಅದನ್ನು ಪೂರ್ತಿಯಾಗಿ ನಿರಾಕರಿಸಿದರು. ಆ ಸಮಿತಿಯ 14 ಸದಸ್ಯರೂ ಬಿಳಿಯ ಗಂಡಸರು. ಒಬ್ಬ ಕಪ್ಪು ಮಹಿಳೆಯನ್ನು ಅವರು ಪ್ರಶ್ನಿಸಿದ ಬಗೆಯನ್ನು ಇಡೀ ದೇಶ ಟಿವಿಯಲ್ಲಿ ಕಂಡಿತು. ಕಡೆಗೆ 52-48 ಮತಗಳಿಂದ ನೇಮಕಕ್ಕೆ ಒಪ್ಪಿಗೆ ಸಿಕ್ಕಿತು. ಆಗ ಮೋಸ್ಲಿ ಬ್ರಾನ್ ಅವರು ಷಿಕಾಗೊ ನಗರವಿರುವ ಕುಕ್ ಕೌಂಟಿಯಲ್ಲಿ ಆಸ್ತಿಪತ್ರಗಳ ನೋಂದಣಿ ಕಚೇರಿಯ ಚುನಾಯಿತ ಮುಖ್ಯಸ್ಥೆಯಾಗಿದ್ದರು. ತಮ್ಮ ರಾಜ್ಯದ ಸೆನೆಟರ್, ಅದೂ ತಮ್ಮದೇ ಪಕ್ಷದವರು, ನೇಮಕದ ಪರವಾಗಿ ಮತ ಹಾಕಿದ್ದನ್ನು ಸಹಿಸದೆ, ಮರುವರ್ಷ ಪಕ್ಷದೊಳಗಿನ ಚುನಾವಣೆಯಲ್ಲೇ ಅವರ ಎದುರು ನಿಂತು ಗೆದ್ದರು.

ಸೆನೆಟ್‌ಗೆ ಬಂದು ಏಳು ತಿಂಗಳೂ ತುಂಬಿರಲಿಲ್ಲ. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ದೇಶವನ್ನೇ ಒಡೆದು ಯುದ್ಧ ಮಾಡಿದ ದಕ್ಷಿಣದ ರಾಜ್ಯಗಳ ಬಾವುಟವಿದ್ದ ಒಂದು ಸಂಘದ ಲಾಂಛನಕ್ಕೆ ಸರ್ಕಾರಿ ಪೇಟೆಂಟನ್ನು ನವೀಕರಿಸುವ ತಿದ್ದುಪಡಿಯೊಂದು 1993ರ ಜುಲೈ 22ರಂದು ಸದನಕ್ಕೆ ಬಂದಿತು. ಹೆಚ್ಚಿನ ಸದಸ್ಯರಿಗೆ ಅದೊಂದು ಸಣ್ಣ ಔಪಚಾರಿಕತೆ. ಅದನ್ನು ಕೈಬಿಡಬೇಕೆಂದು ಮೋಸ್ಲಿ ಬ್ರಾನ್ ಮಂಡಿಸಿದ ಸೂಚನೆ 52-48ರಿಂದ ಬಿದ್ದುಹೋಯಿತು. ಅವರು ಸುಮ್ಮನಾಗಲಿಲ್ಲ. ಮತ್ತೆ ಎದ್ದು ನಿಂತು, ತಮ್ಮ ಪೂರ್ವಿಕರನ್ನು ಸರಕಿನಂತೆ ಮಾರಿದವರ ಗುರುತಿಗೆ ಈ ಸದನ ಮನ್ನಣೆಯ ಮುದ್ರೆ ಒತ್ತುತ್ತಿದೆಯೆಂದು ಗಂಟೆಗಟ್ಟಲೆ ವಾದಿಸಿದರು. ಮತ್ತೆ ಮತಕ್ಕೆ ಹಾಕಿದಾಗ 75-25ರಿಂದ ಅವರ ವಾದ ಗೆದ್ದಿತು. ಬೆಳಿಗ್ಗೆ ಹಾಕಿದ ಮತವನ್ನು ಅಷ್ಟೊಂದು ಸದಸ್ಯರು ಅದೇ ದಿನ ಬದಲಿಸಿದ್ದು ಸದನದಲ್ಲಿ ಅವರೊಬ್ಬರು ಇದ್ದುದರಿಂದ. ಮುಂದಿನ ಸ್ಪರ್ಧೆಯಲ್ಲಿ ನೀವು ಈ ಒಂದು ದಿನವನ್ನು ಉದಾಹರಿಸಿದರೆ ಸಾಕು, ಬೇರೆ ಅಂಕಿಅಂಶ ಬೇಕಾಗುವುದಿಲ್ಲ.

ಪ್ರಶ್ನೆ: ಅಮೆರಿಕದ ಸಂವಿಧಾನದ 15ನೆಯ ತಿದ್ದುಪಡಿಯಿಂದ 1870ರಲ್ಲಿ ಕಪ್ಪು ಜನರಿಗೂ, 19ನೆಯ ತಿದ್ದುಪಡಿಯಿಂದ 1920ರಲ್ಲಿ ಮಹಿಳೆಯರಿಗೂ ಮತದಾನದ ಹಕ್ಕು ಸಿಕ್ಕಿತೆಂದು ನಾನು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ್ದೇನೆ. ಹಾಗಿದ್ದ ಮೇಲೆ ಕಪ್ಪು ಮಹಿಳೆಯರು 1960ರ ದಶಕದಲ್ಲಿ ಮತಕ್ಕಾಗಿ ಮತ್ತೆ ಹೋರಾಡಬೇಕಾಗಿ ಬಂದುದೇಕೆ?
- ನಿವೃತ್ತ ಪ್ರೌಢಶಾಲಾ ಶಿಕ್ಷಕರು, ಚಳ್ಳಕೆರೆ

ಉತ್ತರ: ಮೇಷ್ಟ್ರೇ, ತಾವು ಹೇಳಿದ ಪಾಠ ಸರಿಯಾಗಿಯೇ ಇದೆ. ಆ ತಿದ್ದುಪಡಿಗಳು ಜನಾಂಗದ ಅಥವಾ ಲಿಂಗದ ಕಾರಣಕ್ಕೆ ಮತ ನಿರಾಕರಿಸಬಾರದೆಂದು ಹೇಳಿದವು. ದಕ್ಷಿಣದ ರಾಜ್ಯಗಳು ಆ ಎರಡು ಕಾರಣಗಳನ್ನು ಎಲ್ಲಿಯೂ ಬರೆಯದೆ, ತಲೆಗಂದಾಯ ಮತ್ತು ಅಕ್ಷರ ಪರೀಕ್ಷೆಗಳ ಮೂಲಕ ಅದೇ ಕೆಲಸವನ್ನು ಸಾಧಿಸಿಕೊಂಡವು. ಮಿಸಿಸಿಪಿ ರಾಜ್ಯದ 1890ರ ಸಂವಿಧಾನವಂತೂ, ಅರ್ಜಿದಾರರು ಸಂವಿಧಾನದ ಯಾವುದೇ ವಿಧಿಗೆ ನೋಂದಣಾಧಿಕಾರಿ ಒಪ್ಪುವಂತಹ ಅರ್ಥವಿವರಣೆ ಕೊಡಬೇಕೆಂದು ಕೇಳಲು ದಾರಿ ಮಾಡಿಕೊಟ್ಟಿತ್ತು. ಯಾವ ವಿಧಿಯನ್ನು ಕೇಳಬೇಕು, ಉತ್ತರ ಸರಿಯೋ ತಪ್ಪೋ ಎಂಬುದೆಲ್ಲ ಆ ಒಬ್ಬ ಬಿಳಿಯ ಗುಮಾಸ್ತನ ಮರ್ಜಿ.

ಅದು ಹೇಗೆ ನಡೆಯುತ್ತಿತ್ತೆಂಬುದಕ್ಕೆ ಫ್ಯಾನಿ ಲೂ ಹೇಮರ್ ಅವರ ಬದುಕಿಗಿಂತ ಸ್ಪಷ್ಟವಾದ ಸಾಕ್ಷ್ಯ ನನಗೆ ತಿಳಿದಿಲ್ಲ. ಬೇರೆಯವರ ಹೊಲವನ್ನು ಪಾಲಿಗೆ ಮಾಡುತ್ತಿದ್ದ ಬಡ ಕುಟುಂಬದ ಇಪ್ಪತ್ತು ಮಕ್ಕಳಲ್ಲಿ ಕಿರಿಯವರು ಅವರು. ಆರು ವರ್ಷದ ಮಗುವಾಗಿದ್ದಾಗಲೇ ಹತ್ತಿ ಬಿಡಿಸಲು ಹೊಲಕ್ಕಿಳಿದವರು. ಒಂದು ಕಾಲಕ್ಕೆ ಹತ್ತಿ ಗಿರಣಿಗಳನ್ನೇ ನೆಚ್ಚಿಕೊಂಡಿದ್ದ ನಮ್ಮ ದಾವಣಗೆರೆ ಸೀಮೆಯವರಿಗೆ ಆ ಕೂಲಿಯ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. 1962ರ ಆಗಸ್ಟ್ 31ರಂದು ಅವರೂ ಸೇರಿ ಹದಿನೆಂಟು ಮಂದಿ ಒಂದು ಬಸ್ಸಿನಲ್ಲಿ 26 ಮೈಲಿ ದೂರದ ಇಂಡಿಯನೋಲಾ ಪಟ್ಟಣದ ಕೋರ್ಟು ಕಚೇರಿಗೆ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋದರು. ಸಂವಿಧಾನದ ಒಂದು ವಿಧಿಯನ್ನು ಬರೆದು ವಿವರಿಸಲು ಹೇಳಿದರು. ಹೇಮರ್ ನಪಾಸಾದರು. ವಾಪಸು ಬರುವಾಗ ಪೊಲೀಸರು ಬಸ್ಸನ್ನು ತಡೆದು, ಬಸ್ಸಿನ ಬಣ್ಣ ಸರಿಯಿಲ್ಲವೆಂದು ಚಾಲಕನಿಗೆ ದಂಡ ಹಾಕಿದರು. ಇವರೆಲ್ಲ ತಮ್ಮಲ್ಲಿದ್ದ ಚಿಲ್ಲರೆಯನ್ನು ಒಟ್ಟುಮಾಡಿ ಅದನ್ನು ಕಟ್ಟಿದರು. ಊರಿಗೆ ಬರುವಷ್ಟರಲ್ಲಿ ಜಮೀನಿನ ಒಡೆಯನಿಗೆ ಸುದ್ದಿ ಮುಟ್ಟಿತ್ತು. ಹೆಸರನ್ನು ವಾಪಸು ತೆಗೆದುಕೊಳ್ಳದಿದ್ದರೆ ಜಾಗ ಖಾಲಿ ಮಾಡಬೇಕೆಂದು ಅವನು ಹೇಳಿದನು. "ನಾನು ನಿಮಗೋಸ್ಕರ ಹೆಸರು ಬರೆಸಲು ಹೋಗಲಿಲ್ಲ, ನನಗೋಸ್ಕರ ಹೋದೆ" ಎಂದರು ಹೇಮರ್. ಹದಿನೆಂಟು ವರ್ಷ ದುಡಿದ ಆ ಜಮೀನನ್ನು ಅವರು ಅದೇ ರಾತ್ರಿ ಬಿಡಬೇಕಾಯಿತು.

ಮರುವರ್ಷದ ಜನವರಿಯಲ್ಲಿ ಅವರು ಪರೀಕ್ಷೆಯಲ್ಲಿ ಪಾಸಾದರು. ಜೂನ್‌ನಲ್ಲಿ ತರಬೇತಿ ಶಿಬಿರವೊಂದರಿಂದ ಮರಳುವಾಗ ವಿನೋನಾ ಪಟ್ಟಣದ ಲಾಕಪ್ಪಿನಲ್ಲಿ ಅವರನ್ನು ಬಡಿದ ಬಡಿತಕ್ಕೆ ಮೂತ್ರಪಿಂಡ ಹಾಳಾಯಿತು, ಕಣ್ಣಿಗೂ ಪೆಟ್ಟಾಯಿತು. 1964ರ ಆಗಸ್ಟ್‌ನಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಸೇರಿದ ಡೆಮಾಕ್ರಟಿಕ್ ಪಕ್ಷದ ಮಹಾಧಿವೇಶನಕ್ಕೆ ಮಿಸಿಸಿಪಿಯಿಂದ ಬಿಳಿಯರು ಮಾತ್ರ ಇದ್ದ ನಿಯೋಗ ಬಂದಾಗ, ಅದಕ್ಕೆ ಎದುರಾಗಿ ಹೇಮರ್ ಮತ್ತು ಅವರ ಸಂಗಾತಿಗಳು ತಮ್ಮದೇ ನಿಯೋಗವನ್ನು ಕರೆದೊಯ್ದರು. ಪರಿಶೀಲನಾ ಸಮಿತಿಯ ಮುಂದೆ ಹೇಮರ್ ತಮ್ಮ ಕಥೆ ಹೇಳುತ್ತಿರುವಾಗಲೇ ಅಧ್ಯಕ್ಷ ಲಿಂಡನ್ ಜಾನ್ಸನ್ ಅವಸರದಲ್ಲಿ ಪತ್ರಿಕಾಗೋಷ್ಠಿ ಕರೆದು ಟಿವಿ ಕ್ಯಾಮೆರಾಗಳನ್ನು ತಮ್ಮತ್ತ ತಿರುಗಿಸಿಕೊಂಡರು. ಆದರೆ ಸಂಜೆಯ ವಾರ್ತೆಗಳಲ್ಲಿ ಅವರ ಮಾತು ಪ್ರಸಾರವಾಗಿ ಇನ್ನೂ ಹೆಚ್ಚು ಜನರನ್ನು ತಲುಪಿತು. ಸಂಧಾನಕ್ಕೆಂದು ಪಕ್ಷ ಕೊಡಲು ಬಂದದ್ದು ಎರಡೇ ಸ್ಥಾನ, ಅದನ್ನು ಅವರ ನಿಯೋಗ ತಿರಸ್ಕರಿಸಿತು. ಮರುವರ್ಷ 1965ರ ಆಗಸ್ಟ್ 6ರಂದು ಮತದಾನ ಹಕ್ಕು ಕಾಯ್ದೆ ಬಂದಿತು, ಮಿಸಿಸಿಪಿಯಂತಹ ರಾಜ್ಯಗಳಲ್ಲಿ ಅಕ್ಷರ ಪರೀಕ್ಷೆ ನಿಂತಿತು. ತಮ್ಮ ಪ್ರಶ್ನೆಗೆ ನೇರವಾದ ಉತ್ತರ ಇಷ್ಟು: ದಕ್ಷಿಣದ ಬಹುತೇಕ ಕಪ್ಪು ಮಹಿಳೆಯರಿಗೆ 1920ರ ಹಕ್ಕು ಕೈಗೆ ಸಿಕ್ಕಿದ್ದು 1965ರ ನಂತರ.

ಪ್ರಶ್ನೆ: ಮಹಿಳೆಯರ ಲೆಕ್ಕದಲ್ಲಿ ಒಮ್ಮೆ, ಕಪ್ಪು ಜನರ ಲೆಕ್ಕದಲ್ಲಿ ಒಮ್ಮೆ ಇವರು ಸೇರಿಯೇ ಇರುತ್ತಾರಲ್ಲ. "ಕಪ್ಪು ಮಹಿಳೆಯರು" ಎಂದು ಬೇರೆಯಾಗಿ ಎಣಿಸುವ ಅಗತ್ಯವೇನು?
- ಗ್ರಾಮ ಪಂಚಾಯಿತಿ ಮಾಜಿ ಸದಸ್ಯೆ, ಹರಿಹರ ತಾಲ್ಲೂಕು

ಉತ್ತರ: ಎರಡು ಕಡೆ ಸೇರಿರುತ್ತಾರೆ ಎನ್ನುವವರು ಎರಡು ಕಡೆಯೂ ಬಿಟ್ಟುಹೋಗಬಹುದು ಎಂಬುದು ಒಂದು ನ್ಯಾಯಾಲಯದ ತೀರ್ಪಿನಲ್ಲೇ ದಾಖಲಾಗಿದೆ. ಸೇಂಟ್ ಲೂಯಿ ನಗರದ ಜನರಲ್ ಮೋಟಾರ್ಸ್ ಕಾರ್ಖಾನೆ 1964ಕ್ಕೆ ಮೊದಲು ಕಪ್ಪು ಮಹಿಳೆಯರನ್ನು ನೇಮಿಸಿಕೊಂಡಿರಲಿಲ್ಲ. ಮುಂದೆ ಮಾರುಕಟ್ಟೆ ಕುಸಿದಾಗ, ಕೊನೆಗೆ ಸೇರಿದವರನ್ನು ಮೊದಲು ತೆಗೆಯುವ ಸೇವಾ ಹಿರಿತನದ ನಿಯಮದಂತೆ, 1970ರ ನಂತರ ಸೇರಿದ್ದ ಕಪ್ಪು ಮಹಿಳೆಯರೆಲ್ಲ ಕೆಲಸ ಕಳೆದುಕೊಂಡರು. ಐವರು ಮೊಕದ್ದಮೆ ಹೂಡಿದರು. 1976ರ ತೀರ್ಪು ಹೀಗಿತ್ತು: ಕಾರ್ಖಾನೆ ಮಹಿಳೆಯರನ್ನು ಮೊದಲಿನಿಂದ ನೇಮಿಸಿಕೊಂಡಿದೆ, ಆದ್ದರಿಂದ ಲಿಂಗ ತಾರತಮ್ಯವಿಲ್ಲ. ಜನಾಂಗ ತಾರತಮ್ಯದ ದೂರಿದ್ದರೆ ಅದನ್ನು ಅಂತಹುದೇ ಇನ್ನೊಂದು ಮೊಕದ್ದಮೆಯ ಜೊತೆ ಸೇರಿಸಿಕೊಳ್ಳಬಹುದು. ಇವೆರಡನ್ನೂ ಕೂಡಿಸಿ "ಕಪ್ಪು ಮಹಿಳೆಯರು" ಎಂಬ ಪ್ರತ್ಯೇಕ ವರ್ಗಕ್ಕೆ ರಕ್ಷಣೆ ಕೇಳಲು ಬರುವುದಿಲ್ಲ. ನೇಮಕಗೊಂಡಿದ್ದ ಆ ಮಹಿಳೆಯರು ಬಿಳಿಯರು ಎಂಬ ಸಂಗತಿ ಈ ತರ್ಕದೊಳಗೆ ಮರೆಯಾಗಿಹೋಯಿತು. ಕಾನೂನು ಪಂಡಿತೆ ಕಿಂಬರ್ಲೆ ಕ್ರೆನ್‌ಶಾ 1989ರಲ್ಲಿ ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಈ ತೀರ್ಪನ್ನೇ ಮುಂದಿಟ್ಟುಕೊಂಡು ವಾದಿಸಿದ್ದಾರೆ.

ನೀವು ಪಂಚಾಯಿತಿಯಲ್ಲಿ ಕುಳಿತವರು, ನಿಮಗೆ ಇದು ಅಪರಿಚಿತವಲ್ಲ. ನಮ್ಮ ಸಂವಿಧಾನದ 73ನೆಯ ತಿದ್ದುಪಡಿ ಮಹಿಳೆಯರಿಗೆ ಸ್ಥಾನ ಮೀಸಲಿಟ್ಟು ಅಷ್ಟಕ್ಕೇ ಬಿಡಲಿಲ್ಲ. ಪರಿಶಿಷ್ಟ ಜಾತಿ, ಪಂಗಡಗಳಿಗೆ ಮೀಸಲಾದ ಸ್ಥಾನಗಳಲ್ಲಿಯೂ ಮೂರನೆಯ ಒಂದು ಭಾಗಕ್ಕೆ ಕಡಿಮೆಯಿಲ್ಲದಂತೆ ಆ ಸಮುದಾಯಗಳ ಮಹಿಳೆಯರಿಗೆ ಇರಬೇಕೆಂದು ಬೇರೆಯಾಗಿಯೇ ಬರೆಯಿತು. ಹಾಗೆ ಬರೆಯದಿದ್ದರೆ ಯಾರು ಹೊರಗುಳಿಯುತ್ತಿದ್ದರೆಂದು ನಿಮ್ಮ ಊರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದ ಪ್ರೊ. ಬಿ. ಕೃಷ್ಣಪ್ಪನವರ ಊರು ನಿಮ್ಮ ಹರಿಹರ. ಅಲ್ಲಿಂದ ಈ ಪ್ರಶ್ನೆ ಬಂದಿರುವುದು ನನಗೆ ಸಂತೋಷ ಕೊಟ್ಟಿದೆ.

ಪ್ರಶ್ನೆ: ನಮ್ಮ ಒನಕೆ ಓಬವ್ವನಂತಹ ವೀರ ವನಿತೆ ಅಮೆರಿಕದ ಕಪ್ಪು ಜನರಲ್ಲಿ ಇದ್ದಾರೆಯೇ?
- ಓದುಗರು, ಕೋಟೆ ರಸ್ತೆ, ಚಿತ್ರದುರ್ಗ

ಉತ್ತರ: ಹ್ಯಾರಿಯೆಟ್ ಟಬ್‌ಮನ್. ಮೇರಿಲ್ಯಾಂಡ್‌ನಲ್ಲಿ ಗುಲಾಮಳಾಗಿ ಹುಟ್ಟಿ, 1849ರಲ್ಲಿ ತಪ್ಪಿಸಿಕೊಂಡು, ಮತ್ತೆ ಮತ್ತೆ ಅದೇ ನೆಲಕ್ಕೆ ಕದ್ದುಹೋಗಿ ಸುಮಾರು ಎಪ್ಪತ್ತು ಮಂದಿಯನ್ನು ಬಿಡಿಸಿಕೊಂಡು ಬಂದವರು. ಅಂತರ್ಯುದ್ಧದ ಕಾಲದಲ್ಲಿ, 1863ರ ಜೂನ್ 2ರಂದು, ದಕ್ಷಿಣ ಕೆರೊಲಿನಾದ ಕಂಬಾಹೀ ನದಿಯಲ್ಲಿ ಶತ್ರುಗಳು ಸಿಡಿಗುಂಡು ಹುದುಗಿಸಿದ್ದ ಜಾಗಗಳ ಮಾಹಿತಿಯನ್ನು ಅಲ್ಲಿನ ಗುಲಾಮರಿಂದಲೇ ಸಂಗ್ರಹಿಸಿ, ಸೈನ್ಯದ ದೋಣಿಗಳಿಗೆ ದಾರಿ ತೋರಿಸಿ, ಒಂದೇ ದಾಳಿಯಲ್ಲಿ 700ಕ್ಕೂ ಹೆಚ್ಚು ಜನರನ್ನು ಬಿಡುಗಡೆ ಮಾಡಿಸಿದರು. ಓಬವ್ವ ಕಾವಲುಗಾರನ ಹೆಂಡತಿ, ಟಬ್‌ಮನ್ ಅಕ್ಷರ ಕಲಿಯದ ಗುಲಾಮಳು. ಇಬ್ಬರಿಗೂ ಸೈನ್ಯದಲ್ಲಿ ಹುದ್ದೆ ಇರಲಿಲ್ಲ. ಯುದ್ಧದ ಸೇವೆಗೆ ಪಿಂಚಣಿ ಪಡೆಯಲು ಟಬ್‌ಮನ್ ದಶಕಗಳ ಕಾಲ ಅರ್ಜಿ ಹಾಕಬೇಕಾಯಿತು. ಮೇರಿಲ್ಯಾಂಡ್ ರಾಜ್ಯ ಅವರಿಗೆ ಮರಣೋತ್ತರವಾಗಿ ಬ್ರಿಗೇಡಿಯರ್ ಜನರಲ್ ಪದವಿ ಕೊಟ್ಟಿದ್ದು 2024ರ ನವೆಂಬರ್ 11ರಂದು. ನಮ್ಮ ರಾಜ್ಯ ಸರ್ಕಾರ ಓಬವ್ವ ಜಯಂತಿಯನ್ನು ಆಚರಿಸುವ ದಿನವೂ ಅದೇ.

ಪ್ರಶ್ನೆ: ಕಪ್ಪು ಮಹಿಳೆಯನ್ನೇ ಸುಪ್ರೀಂ ಕೋರ್ಟಿಗೆ ನೇಮಿಸುತ್ತೇನೆಂದು ಬೈಡನ್ ಮೊದಲೇ ಘೋಷಿಸಿದ್ದರು. ಇದರಿಂದ ಅರ್ಹತೆಗೆ ಅನ್ಯಾಯವಾಗುವುದಿಲ್ಲವೇ?
- ವಕೀಲರು, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಜಾಕ್ಸನ್ ಅವರಿಗೆ ಮೊದಲು ಆ ನ್ಯಾಯಾಲಯದಲ್ಲಿ ಕುಳಿತ 115 ನ್ಯಾಯಮೂರ್ತಿಗಳಲ್ಲಿ 108 ಮಂದಿ ಬಿಳಿಯ ಗಂಡಸರು. ಯಾರೂ ಘೋಷಿಸದೆಯೇ ನಡೆದುಕೊಂಡು ಬಂದ ಆ ಮೀಸಲಾತಿಯಿಂದ ಅರ್ಹತೆಗೆ ಏನಾಯಿತೆಂದು ಯಾರೂ ಕೇಳಲಿಲ್ಲ. ಸುಪ್ರೀಂ ಕೋರ್ಟಿಗೆ ಮಹಿಳೆಯನ್ನು ನೇಮಿಸುವುದಾಗಿ 1980ರ ಚುನಾವಣೆಯಲ್ಲಿ ರೇಗನ್ ಕೂಡ ಮಾತು ಕೊಟ್ಟಿದ್ದರು, 1981ರಲ್ಲಿ ನಡೆಸಿಕೊಟ್ಟರು. ಜಾಕ್ಸನ್ ಅವರು ಹಾರ್ವರ್ಡ್‌ನಲ್ಲಿ ಕಾನೂನು ಓದಿ, ಎರಡು ಹಂತದ ಫೆಡರಲ್ ನ್ಯಾಯಾಲಯಗಳಲ್ಲಿ ನ್ಯಾಯಾಧೀಶೆಯಾಗಿದ್ದವರು. ವಕೀಲರನ್ನು ಇಟ್ಟುಕೊಳ್ಳಲು ಹಣವಿಲ್ಲದ ಆರೋಪಿಗಳ ಪರ ವಾದಿಸುವ ಸರ್ಕಾರಿ ವಕೀಲಿಕೆ ಮಾಡಿ ಆ ಪೀಠಕ್ಕೆ ಬಂದವರಲ್ಲಿ ಅವರೇ ಮೊದಲಿಗರು. ತಾವು ವಕೀಲರಾದ್ದರಿಂದ ಇನ್ನೊಂದು ಹೆಸರನ್ನೂ ಹೇಳಲೇಬೇಕು, ಕಾನ್‌ಸ್ಟನ್ಸ್ ಬೇಕರ್ ಮೋಟ್ಲಿ. ಸುಪ್ರೀಂ ಕೋರ್ಟಿನಲ್ಲಿ ಹತ್ತು ಮೊಕದ್ದಮೆಗಳನ್ನು ವಾದಿಸಿ ಒಂಬತ್ತನ್ನು ಗೆದ್ದ ಅವರು 1966ರಲ್ಲಿ ಅಮೆರಿಕದ ಮೊದಲ ಕಪ್ಪು ಮಹಿಳಾ ಫೆಡರಲ್ ನ್ಯಾಯಾಧೀಶೆಯಾದರು. ಅಲ್ಲಿಂದ ಸುಪ್ರೀಂ ಕೋರ್ಟಿನವರೆಗಿನ ದಾರಿಗೆ ಇನ್ನೂ 56 ವರ್ಷ ಹಿಡಿಯಿತು. ಅರ್ಹರ ಕೊರತೆ ಇದಕ್ಕೆ ಕಾರಣವಾಗಿತ್ತೆಂದು ನಾನು ಒಪ್ಪಲಾರೆ.

ಪ್ರಶ್ನೆ: ಕಮಲಾ ಹ್ಯಾರಿಸ್ ಭಾರತೀಯರೋ, ಕಪ್ಪು ಮಹಿಳೆಯೋ?
- ಓದುಗರು, ಹೊಳಲ್ಕೆರೆ

ಉತ್ತರ: ಎರಡೂ ಹೌದು. ತಾಯಿ ಶ್ಯಾಮಲಾ ಗೋಪಾಲನ್ ತಮಿಳುನಾಡಿನ ಮೂಲದವರು, ತಂದೆ ಡೊನಾಲ್ಡ್ ಹ್ಯಾರಿಸ್ ಜಮೈಕಾದವರು. ಕಪ್ಪು ಜನರಿಗಾಗಿ ಸ್ಥಾಪಿತವಾದ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಅವರು ಓದಿದ್ದು ತಾವೇ ಬಯಸಿ. ಒಂದನ್ನು ಒಪ್ಪಿದರೆ ಇನ್ನೊಂದನ್ನು ಬಿಡಬೇಕೆಂಬ ಒತ್ತಾಯ ಹೊರಗಿನವರದು.

ಪ್ರಶ್ನೆ: ಶರ್ಲಿ ಚಿಸಮ್ 1972ರಲ್ಲಿ ಅಧ್ಯಕ್ಷ ಪದವಿಗೆ ನಿಂತು, ಪಕ್ಷದ ಅಭ್ಯರ್ಥಿ ಕೂಡ ಆಗಲಿಲ್ಲ. ಸೋತವರನ್ನು ಇಷ್ಟೊಂದು ನೆನೆಯುವುದೇಕೆ?
- ಓದುಗರು, ಜಗಳೂರು

ಉತ್ತರ: ಚಿಸಮ್ ಅವರು ನ್ಯೂಯಾರ್ಕಿನಲ್ಲಿ ಶಿಶುವಿಹಾರದ ಶಿಕ್ಷಕಿಯಾಗಿ ಆರಂಭಿಸಿ, 1968ರಲ್ಲಿ ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಮೊದಲ ಕಪ್ಪು ಮಹಿಳೆ. ಊರೆಲ್ಲ ಕಾಂಕ್ರೀಟು ತುಂಬಿದ ಕ್ಷೇತ್ರದಿಂದ ಬಂದ ಅವರನ್ನು ಕೃಷಿ ಸಮಿತಿಗೆ ಹಾಕಿದಾಗ, ಹೊಸಬರು ಬಾಯಿ ಬಿಡಬಾರದೆಂಬ ರೂಢಿಯನ್ನು ಲೆಕ್ಕಿಸದೆ ಪ್ರತಿಭಟಿಸಿ ಸಮಿತಿ ಬದಲಾಯಿಸಿಕೊಂಡರು. 1972ರ ಪಕ್ಷದ ಅಧಿವೇಶನದಲ್ಲಿ ಅವರಿಗೆ ಸಿಕ್ಕಿದ್ದು ಸುಮಾರು 152 ಪ್ರತಿನಿಧಿಗಳ ಮತ. ಸೋಲು ನಿಜ. ಆದರೆ ಆ ಪ್ರಚಾರಕ್ಕೆ ಒಬ್ಬ ಕಾಲೇಜು ವಿದ್ಯಾರ್ಥಿನಿ ಬಂದಳು. ರಾಜಕೀಯದಲ್ಲಿ ನಂಬಿಕೆಯಿಲ್ಲದೆ ಮತದಾರರ ಪಟ್ಟಿಗೂ ಸೇರದಿದ್ದ ಅವಳಿಗೆ, ಮೊದಲು ಹೆಸರು ಬರೆಸು ಎಂದರು ಚಿಸಮ್. ಆಕೆ ಬಾರ್ಬರಾ ಲೀ. 1998ರಲ್ಲಿ ತಾವೂ ಸಂಸತ್ತಿಗೆ ಬಂದು, 2001ರ ಸೆಪ್ಟೆಂಬರ್ 14ರಂದು ಅಧ್ಯಕ್ಷರಿಗೆ ಯುದ್ಧಾಧಿಕಾರ ಕೊಡುವ ನಿರ್ಣಯಕ್ಕೆ, ಕೆಳಮನೆಯಾದ ಪ್ರತಿನಿಧಿ ಸಭೆಯ 420 ಮತಗಳ ಎದುರು ಒಂಟಿಯಾಗಿ ವಿರೋಧದ ಮತ ಹಾಕಿದವರು ಅವರು.

ಇದಕ್ಕಿಂತಲೂ ನನಗೆ ಮುಖ್ಯವೆನಿಸುವುದು ಇನ್ನೊಂದು ಸಂಗತಿ. ಅದೇ 1972ರ ಮೇ ತಿಂಗಳಲ್ಲಿ, ಜನಾಂಗ ಪ್ರತ್ಯೇಕತೆಯನ್ನು ಎತ್ತಿಹಿಡಿದು ಹೆಸರಾಗಿದ್ದ ಅಲಬಾಮಾದ ಗವರ್ನರ್ ಜಾರ್ಜ್ ವಾಲೆಸ್ ಗುಂಡೇಟು ತಿಂದು ಆಸ್ಪತ್ರೆಯಲ್ಲಿದ್ದಾಗ, ಚಿಸಮ್ ಸ್ವಂತ ಬೆಂಬಲಿಗರ ಸಿಟ್ಟನ್ನು ಕಟ್ಟಿಕೊಂಡು ಹೋಗಿ ವಾಲೆಸ್ ಅವರನ್ನು ನೋಡಿಬಂದರು. 1938ರ ಕನಿಷ್ಠ ವೇತನ ಕಾಯ್ದೆ ಮನೆಗೆಲಸದವರನ್ನು ಹೊರಗಿಟ್ಟಿತ್ತು. ಅವರಲ್ಲಿ ಬಹಳಷ್ಟು ಮಂದಿ ಕಪ್ಪು ಮಹಿಳೆಯರು. ಅವರನ್ನು ಕಾಯ್ದೆಯೊಳಗೆ ತರಲು ಚಿಸಮ್ ದುಡಿಯುತ್ತಿದ್ದಾಗ, ದಕ್ಷಿಣದ ಸಂಸದರ ಮತಗಳನ್ನು ಒಲಿಸಿಕೊಡಲು ವಾಲೆಸ್ ನೆರವಾದರೆಂದು ಚಿಸಮ್ ಅವರೇ ಮುಂದೆ ಹೇಳಿದ್ದಾರೆ. ತಿದ್ದುಪಡಿ 1974ರಲ್ಲಿ ಕಾನೂನಾಯಿತು. ನಮ್ಮ ರಾಜ್ಯದಲ್ಲಿ ಮನೆಗೆಲಸದವರಿಗೆ ಕನಿಷ್ಠ ವೇತನದ ಅಧಿಸೂಚನೆ ಹೊರಟಿದ್ದು ಅದಾದ ಮೂವತ್ತು ವರ್ಷಕ್ಕೆ, 2004ರಲ್ಲಿ.